ಎದುರಾಳಿ ಇಲ್ಲದ ಸದನ, ಎದುರು ನಿಂತ ಕಬ್ಬಿನ ಗದ್ದೆ

2024ರ ನವೆಂಬರ್ 5ರಂದು ಮಹಾರಾಷ್ಟ್ರದ ಆಗಿನ ಮುಖ್ಯಮಂತ್ರಿ ಏಕನಾಥ ಶಿಂದೆ ಕೊಲ್ಹಾಪುರದ ಚುನಾವಣಾ ಸಭೆಯಲ್ಲಿ ಹತ್ತು ವಚನ ಕೊಟ್ಟರು. ಲಾಡ್ಕಿ ಬಹೀಣ್ ಯೋಜನೆಯ ಹೆಣ್ಣುಮಕ್ಕಳಿಗೆ ತಿಂಗಳಿಗೆ 1,500 ರೂಪಾಯಿ ಹೋಗಿ 2,100 ಆಗುವುದು, ರೈತರ ಸಾಲ ಮನ್ನಾ ಆಗುವುದು, ರೈತ ಸಮ್ಮಾನದ ವಾರ್ಷಿಕ ಮೊತ್ತ 12,000ದಿಂದ 15,000ಕ್ಕೆ ಏರುವುದು, 45,000 ಹಳ್ಳಿಗಳಲ್ಲಿ ಹೊಲದ ದಾರಿಗಳು ಸುಧಾರಿಸುವುದು, ಕರೆಂಟ್ ಬಿಲ್ಲು ಶೇ 30ರಷ್ಟು ಇಳಿಯುವುದು ಆ ಹತ್ತರಲ್ಲಿ ಕೆಲವು. ಹದಿನೈದು ದಿನಕ್ಕೆ ಮತದಾನವಾಯಿತು. ನವೆಂಬರ್ 23ರಂದು ಎಣಿಕೆ ಮುಗಿದಾಗ 288 ಸ್ಥಾನಗಳ ವಿಧಾನಸಭೆಯಲ್ಲಿ ಬಿಜೆಪಿಗೆ 132, ಶಿಂದೆಯವರ ಶಿವಸೇನೆಗೆ 57, ಅಜಿತ್ ಪವಾರ್ ಬಣದ ಎನ್‌ಸಿಪಿಗೆ 41 ಸ್ಥಾನ ಬಂದಿದ್ದವು. ಮೂರೂ ಸೇರಿ 230. ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ ಇದೇ ಮಹಾಯುತಿ ಮೈತ್ರಿಕೂಟ 48ರಲ್ಲಿ 17 ಸ್ಥಾನಕ್ಕೆ ಕುಸಿದಿತ್ತು.

ಕೊಲ್ಹಾಪುರ ಜಿಲ್ಲೆಯ ಲೆಕ್ಕ ಇನ್ನೂ ಬೆರಗಿನದು. ಇಲ್ಲಿ 10 ವಿಧಾನಸಭಾ ಕ್ಷೇತ್ರಗಳಿವೆ. 2019ರಲ್ಲಿ ಬಿಜೆಪಿಗೆ ಒಂದೂ ಸಿಕ್ಕಿರಲಿಲ್ಲ, ಕಾಂಗ್ರೆಸ್ಸಿಗೆ 4 ಸಿಕ್ಕಿದ್ದವು. 2024ರಲ್ಲಿ ಹತ್ತೂ ಕ್ಷೇತ್ರಗಳಲ್ಲಿ ಗೆದ್ದವರು ಮಹಾಯುತಿಯವರು, ಇಲ್ಲವೆ ಅದರ ಜತೆಗಾರರು. ಕಾಂಗ್ರೆಸ್ ಸೊನ್ನೆಗೆ ಬಂತು. ಇಚಲಕರಂಜಿಯಲ್ಲಿ ಆವಾಡೆ ಮನೆತನದ ಮೂರನೆಯ ತಲೆಮಾರಿನ ರಾಹುಲ್ ಆವಾಡೆ ಬಿಜೆಪಿಯಿಂದ ಗೆದ್ದರು. ಕಾಂಗ್ರೆಸ್ಸಿನ ಸಂಸದರಾಗಿದ್ದ ಕಲ್ಲಪ್ಪಣ್ಣ ಆವಾಡೆಯವರ ಮೊಮ್ಮಗ ಇವರು. ಗಡಹಿಂಗ್ಲಜ ತಾಲ್ಲೂಕು ಕಾಗಲ್ ಮತ್ತು ಚಂದಗಡ ಎಂಬ ಎರಡು ಕ್ಷೇತ್ರಗಳಿಗೆ ಹಂಚಿಹೋಗಿದೆ. ಕಾಗಲ್‌ನಲ್ಲಿ ಹಸನ್ ಮುಶ್ರೀಫ್ ಮತ್ತೆ ಗೆದ್ದು ಸಚಿವರಾದರು. ಚಂದಗಡದಲ್ಲಿ ಬಿಜೆಪಿಯಿಂದ ಬಂಡೆದ್ದು ಪಕ್ಷೇತರರಾಗಿ ನಿಂತ ಶಿವಾಜಿ ಪಾಟೀಲ ಗೆದ್ದು ಬಿಜೆಪಿಯ ಬೆನ್ನಿಗೇ ನಿಂತರು.

ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕನ ಸ್ಥಾನಕ್ಕೆ ರೂಢಿಯಂತೆ ಹತ್ತನೇ ಒಂದು ಪಾಲು, ಅಂದರೆ 29 ಸದಸ್ಯರು ಬೇಕು. ವಿರೋಧಿಗಳಲ್ಲಿ ದೊಡ್ಡದಾದ ಉದ್ಧವ್ ಠಾಕ್ರೆಯವರ ಶಿವಸೇನೆಗೆ ಬಂದದ್ದು 20. ಕಾಂಗ್ರೆಸ್ಸಿಗೆ 16, ಶರದ್ ಪವಾರ್ ಬಣಕ್ಕೆ 10. ಹಾಗಾಗಿ ಆ ಕುರ್ಚಿ ಖಾಲಿ ಉಳಿಯಿತು. ಆ ಕುರ್ಚಿಗೆ ಸಚಿವ ದರ್ಜೆ ಇರುತ್ತದೆ, ಸರ್ಕಾರವನ್ನು ಹಿಡಿದು ನಿಲ್ಲಿಸಿ ಪ್ರಶ್ನೆ ಕೇಳುವ ತೂಕ ಇರುತ್ತದೆ. 12 ಕೋಟಿಗೂ ಹೆಚ್ಚು ಜನರ ರಾಜ್ಯದಲ್ಲಿ ಆ ತೂಕ ಇಲ್ಲದೆ ಸದನ ನಡೆಯುವುದು ಸಣ್ಣ ಸಂಗತಿಯಲ್ಲ.

ಮೊದಲ ಸಲ ಅಧಿಕಾರಕ್ಕೆ ಬಂದ ಪಕ್ಷಕ್ಕೂ ಎರಡನೆಯ ಸಲ ಭಾರಿ ಬಹುಮತದಿಂದ ಮರಳಿದ ಪಕ್ಷಕ್ಕೂ ನಡೆಯಲ್ಲಿ ವ್ಯತ್ಯಾಸ ಇರುತ್ತದೆ. ಮೊದಲನೆಯದು ಜನರ ಮುಖ ನೋಡಿ ಹೆಜ್ಜೆ ಇಡುತ್ತದೆ. ಎರಡನೆಯದು, ತಾನು ಈವರೆಗೆ ಮಾಡಿದ್ದಕ್ಕೂ ಇನ್ನು ಮಾಡಲಿರುವುದಕ್ಕೂ ಜನ ಒಟ್ಟಿಗೇ ಒಪ್ಪಿಗೆ ಕೊಟ್ಟಿದ್ದಾರೆ ಎಂದುಕೊಳ್ಳುತ್ತದೆ. ಅಧ್ಯಕ್ಷೀಯ ಪದ್ಧತಿಯ ದೇಶಗಳಲ್ಲಿ ಇದರ ಫಲ ಬೇಗ ಕಣ್ಣಿಗೆ ಬೀಳುತ್ತದೆ. ಶ್ರೀಲಂಕಾದಲ್ಲಿ ಮಹಿಂದ ರಾಜಪಕ್ಸ 2010ರ ಜನವರಿಯಲ್ಲಿ ಮರು ಆಯ್ಕೆಯಾದರು. ಅದೇ ಸೆಪ್ಟೆಂಬರಿನಲ್ಲಿ ಸಂವಿಧಾನದ 18ನೇ ತಿದ್ದುಪಡಿ ಬಂದು, ಒಬ್ಬರು ಎರಡೇ ಅವಧಿಗೆ ಅಧ್ಯಕ್ಷರಾಗಬಹುದೆಂಬ ಮಿತಿ ಅಳಿಸಿಹೋಯಿತು. ಎಲ್ ಸಾಲ್ವಡಾರ್‌ನಲ್ಲಿ ನಯೀಬ್ ಬುಕೆಲೆ 2024ರ ಫೆಬ್ರುವರಿಯಲ್ಲಿ ಮರು ಆಯ್ಕೆಯಾದಾಗ ಅವರ ಪಕ್ಷಕ್ಕೆ 60ರಲ್ಲಿ 54 ಸ್ಥಾನ ಬಂತು. 2025ರ ಜುಲೈ 31ರಂದು ಅಲ್ಲಿನ ಸಂಸತ್ತು, ಅಧ್ಯಕ್ಷರು ಎಷ್ಟು ಸಲ ಬೇಕಾದರೂ ಆಯ್ಕೆಯಾಗಬಹುದೆಂದು ಒಂದೇ ದಿನದಲ್ಲಿ ತಿದ್ದುಪಡಿ ಮಾಡಿ ಮುಗಿಸಿತು. ಅಮೆರಿಕದಲ್ಲಿ ಡೊನಾಲ್ಡ್ ಟ್ರಂಪ್ ಎರಡನೆಯ ಬಾರಿಗೆ ಗೆದ್ದಾಗ ಸಂಸತ್ತಿನ ಎರಡೂ ಸದನಗಳು ಅವರ ಪಕ್ಷದ ಕೈಗೆ ಬಂದವು. ಆದರೂ ಭಾರತದ ಸರಕಿನ ಮೇಲೆ 2025ರ ಆಗಸ್ಟ್ 27ರಿಂದ ಶೇ 50ರ ಸುಂಕ ಹಾಕುವಾಗ ಅವರು ಸಂಸತ್ತಿನ ಮತ ಕೇಳಲಿಲ್ಲ. ಹೊರದೇಶಕ್ಕೆ ಮಾಲು ಕಳಿಸುವ ಕೊಲ್ಹಾಪುರದ ಶಿರೋಲಿ, ಗೋಕುಳ ಶಿರಗಾವದ ಎರಕದ ಕಾರ್ಖಾನೆಗಳವರಿಗೂ ಇಚಲಕರಂಜಿಯ ಬಟ್ಟೆ ವ್ಯಾಪಾರಿಗಳಿಗೂ ದೂರದ ಒಂದು ಚುನಾವಣೆ ಹೀಗೆ ಮನೆಬಾಗಿಲ ಚಿಂತೆಯಾಯಿತು.

ನಮ್ಮ ರಾಜ್ಯ ಸರ್ಕಾರಗಳಿಗೆ ತಮ್ಮ ಅವಧಿಯನ್ನು ತಾವೇ ಹಿಗ್ಗಿಸಿಕೊಳ್ಳುವ ಅಧಿಕಾರ ಇಲ್ಲ. ಲೋಕಸಭೆಯ ಅವಧಿಯನ್ನು 6 ವರ್ಷಕ್ಕೆ ಏರಿಸಿದ 1976ರ 42ನೇ ತಿದ್ದುಪಡಿಯಂಥದ್ದು ಮುಂಬೈಯಿಂದ ಸಾಧ್ಯವಿಲ್ಲ. ಆದರೆ ರಾಜ್ಯ ಸರ್ಕಾರದ ಕೈಯಲ್ಲಿ ಬೇರೆ ಅಸ್ತ್ರಗಳಿವೆ. ಭೂಮಿ ಯಾರದ್ದು ಹೋಗಬೇಕು, ಖಜಾನೆಯ ಹಣ ಯಾರಿಗೆ ಎಷ್ಟು ದಿನ ಸಿಗಬೇಕು, ಊರಿನ ಚುನಾವಣೆ ಯಾವಾಗ ನಡೆಯಬೇಕು, ವಾರ್ಡಿನ ಗೆರೆ ಎಲ್ಲಿ ಬೀಳಬೇಕು ಎಂಬುದೆಲ್ಲ ಅಲ್ಲಿಯೇ ತೀರ್ಮಾನವಾಗುತ್ತದೆ. ಪೂರ್ಣ ಅಧಿಕಾರ ಎಂದರೆ ಏನೆಂದು ತಿಳಿಯಬೇಕಾದರೆ ವಿಧಾನಸಭೆಯ ಗ್ಯಾಲರಿಗಿಂತ ಕೊಲ್ಹಾಪುರದ ಗದ್ದೆ, ಇಚಲಕರಂಜಿಯ ನಲ್ಲಿ, ಗಡಹಿಂಗ್ಲಜದ ನಗರ ಪರಿಷತ್ತು ನೋಡುವುದು ಮೇಲು.

ಗದ್ದೆಯಿಂದ ಶುರುಮಾಡೋಣ. ವಾರ್ಧಾ ಜಿಲ್ಲೆಯ ಪವನಾರದಿಂದ ಗೋವಾ ಗಡಿಯ ಪತ್ರಾದೇವಿಯವರೆಗೆ 802 ಕಿಲೋಮೀಟರ್ ಉದ್ದದ ಆರು ಪಥದ ಹೆದ್ದಾರಿ, ಅದರ ಹೆಸರು ಶಕ್ತಿಪೀಠ ಮಹಾಮಾರ್ಗ. ಮಾಹೂರಿನ ರೇಣುಕೆ, ತುಳಜಾಪುರದ ಭವಾನಿ, ಕೊಲ್ಹಾಪುರದ ಅಂಬಾಬಾಯಿ ಈ ಮೂರು ಕ್ಷೇತ್ರಗಳನ್ನು ಜೋಡಿಸುವುದು ಅದರ ಉದ್ದೇಶವೆಂದು ಸರ್ಕಾರ ಹೇಳುತ್ತದೆ. ಅಂದಾಜು ವೆಚ್ಚ 86,000 ಕೋಟಿಗೂ ಮಿಕ್ಕಿದ್ದು, ಹಾದುಹೋಗುವ ಜಿಲ್ಲೆಗಳು 12. ಕೊಲ್ಹಾಪುರ ಜಿಲ್ಲೆಯಲ್ಲಿ ಶಿರೋಳ, ಹಾತಕಣಂಗಲೆ, ಕರವೀರ, ಕಾಗಲ್, ಭುದರಗಡ, ಆಜರಾ ತಾಲ್ಲೂಕುಗಳ ಮೇಲೆ ಗೆರೆ ಬಿದ್ದಿತ್ತು. 2024ರ ಆರಂಭದಲ್ಲಿ ಭೂಸ್ವಾಧೀನದ ಅಧಿಸೂಚನೆ ಬಂದಾಗಿನಿಂದಲೇ ರೈತರು ಎದ್ದುನಿಂತರು. ಲೋಕಸಭೆಯ ಸೋಲಿನ ಬಿಸಿ ತಟ್ಟಿದ ಮೇಲೆ, ವಿಧಾನಸಭಾ ಚುನಾವಣೆಗೆ ಮುಂಚೆ ಅಕ್ಟೋಬರ್‌ನಲ್ಲಿ ಕೊಲ್ಹಾಪುರ ಜಿಲ್ಲೆಯ ಮಟ್ಟಿಗೆ ಭೂಸ್ವಾಧೀನವನ್ನು ಸರ್ಕಾರ ರದ್ದು ಮಾಡಿತು. ಗದ್ದೆ ಉಳಿಯಿತೆಂದು ಜನ ನಂಬಿದರು. ಮತ ಬಿದ್ದವು. ಹೊಸ ವರ್ಷ ಹುಟ್ಟುತ್ತಲೇ ಹೆದ್ದಾರಿಯ ಮಾತು ಮತ್ತೆ ಶುರುವಾಯಿತು. 2025ರ ಜೂನ್ 24ರಂದು ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಅವರ ಸಂಪುಟ ಭೂಸ್ವಾಧೀನ ಮತ್ತು ಯೋಜನೆಯ ತಯಾರಿಗೆ 20,787 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು.

ಈ ಭಾಗದ ರೈತ ಯಾಕೆ ಇಷ್ಟು ಗಟ್ಟಿಯಾಗಿ ನಿಲ್ಲುತ್ತಾನೆ ಎಂಬುದು ನಿಪ್ಪಾಣಿ, ಚಿಕ್ಕೋಡಿ ಕಡೆಯವರಿಗೆ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಪಂಚಗಂಗೆ, ದೂಧಗಂಗೆ, ವೇದಗಂಗೆಯ ದಂಡೆಯಲ್ಲಿ ಹಿಡುವಳಿಗಳು ಚಿಕ್ಕವು. ಒಬ್ಬನ ಉತಾರದಲ್ಲಿ ಎಕರೆಗಿಂತ ಗುಂಟೆಯ ಲೆಕ್ಕವೇ ಹೆಚ್ಚು. ನದಿಯ ದಂಡೆಯಲ್ಲಿ ಒಂದು ಪಂಪ್‌ಹೌಸ್ ಇರುತ್ತದೆ, ಅಲ್ಲಿಂದ ನೆಲದಡಿಯ ಪೈಪು ಹತ್ತಾರು ಜನರ ಹೊಲ ದಾಟಿ ಮೈಲಿಗಟ್ಟಲೆ ಮೇಲೇರುತ್ತದೆ. ಪ್ರತಿ ಹೊಲಕ್ಕೊಂದು ವಾಲ್ವು, ಪ್ರತಿಯೊಬ್ಬನಿಗೊಂದು ಪಾಳಿ. ಪಾಳಿ ರಾತ್ರಿ ಎರಡಕ್ಕೆ ಬಂದರೆ ರಾತ್ರಿ ಎರಡಕ್ಕೇ ಕಬ್ಬಿಗೆ ನೀರು ಬಿಡಬೇಕು. ಈ ಪೈಪಿಗೆ ಸಹಕಾರಿ ಸಂಘದಿಂದ ಸಾಲ ತಂದಿರುತ್ತಾರೆ, ಕೆಲವು ಕಡೆ ಅಪ್ಪ ತಂದ ಸಾಲ ಮಗ ತೀರಿಸಿರುತ್ತಾನೆ. ನಡುವೆ ಆರು ಪಥದ ರಸ್ತೆ ಹಾದರೆ ಹೋಗುವುದು ಗೆರೆಯೊಳಗಿನ ಗುಂಟೆಗಳಷ್ಟೇ ಅಲ್ಲ. ಪೈಪು ಕಡಿದರೆ ಗೆರೆಯ ಆಚೆಗಿನ ಹೊಲಗಳೂ ಒಣಗುತ್ತವೆ. ಪರಿಹಾರದ ಪಟ್ಟಿಯಲ್ಲಿ ಆಚೆಗಿನವನ ಹೆಸರೇ ಇರುವುದಿಲ್ಲ. ಇದರ ಮೇಲೆ 2019 ಮತ್ತು 2021ರ ಮಹಾಪೂರದ ನೆನಪು. ಶಿರೋಳದಂಥ ತಗ್ಗು ಪ್ರದೇಶದಲ್ಲಿ ಎತ್ತರದ ಮಣ್ಣಿನ ಏರಿ ಕಟ್ಟಿದರೆ ನೀರು ಎಲ್ಲಿಗೆ ಹೋಗಬೇಕು ಎಂದು ರೈತರು ಕೇಳಿದ್ದು ಹಟದ ಪ್ರಶ್ನೆಯಲ್ಲ, ಕುತ್ತಿಗೆಮಟ್ಟ ನೀರಿನಲ್ಲಿ ದನ ಬಿಚ್ಚಿ ಓಡಿದವರ ಪ್ರಶ್ನೆ.

2025ರ ಜುಲೈ 1 ಮಹಾರಾಷ್ಟ್ರದಲ್ಲಿ ಕೃಷಿ ದಿನ. ಅಂದು ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕೊಲ್ಹಾಪುರದ ಪಂಚಗಂಗಾ ಸೇತುವೆಯ ಬಳಿ ರೈತರು ರಸ್ತೆ ತಡೆದರು. ಕಾಂಗ್ರೆಸ್ಸಿನ ಸತೇಜ ಪಾಟೀಲ, ಸ್ವಾಭಿಮಾನಿ ಶೇತ್ಕರಿ ಸಂಘಟನೆಯ ರಾಜು ಶೆಟ್ಟಿ ಮುಂದಿದ್ದರು. ನನಗೆ ಇದಕ್ಕಿಂತ ಮುಖ್ಯವಾಗಿ ಕಂಡದ್ದು ಮುಂಬೈಯಲ್ಲಿ ಸಂಪುಟ ಸಭೆಯೊಳಗೆ ನಡೆದದ್ದು. ಜಿಲ್ಲೆಯ ಇಬ್ಬರು ಸಚಿವರು, ಕಾಗಲ್‌ನ ಮುಶ್ರೀಫ್ ಮತ್ತು ಉಸ್ತುವಾರಿ ಸಚಿವರಾದ ರಾಧಾನಗರಿಯ ಪ್ರಕಾಶ ಆಬಿಟ್ಕರ್, ಕೊಲ್ಹಾಪುರದ ವಿರೋಧವನ್ನು ಅಲ್ಲಿಯೇ ಎತ್ತಿದರೆಂದು ಪತ್ರಿಕೆಗಳು ವರದಿ ಮಾಡಿದವು. ಹೊರಗೆ ವಿರೋಧ ಪಕ್ಷ ಇಲ್ಲದಾಗ ವಿರೋಧ ಒಳಗೆ ಬಂದು ಕೂರುತ್ತದೆ. ಅದು ಸಿದ್ಧಾಂತದ ವಿರೋಧವಲ್ಲ, ಮುಂದಿನ ಸಲ ಊರಿಗೆ ಹೋಗಿ ಮುಖ ತೋರಿಸಬೇಕಾದವರ ವಿರೋಧ. ಆದರೂ ಅದು ಕೆಲಸ ಮಾಡುತ್ತದೆ. 2025ರ ಕೊನೆಯ ಹೊತ್ತಿಗೆ ಸೊಲ್ಲಾಪುರದಿಂದ ಮುಂದಿನ ಮಾರ್ಗವನ್ನು ಬದಲಿಸುವ ಮಾತು ಮುಖ್ಯಮಂತ್ರಿಯ ಬಾಯಿಂದಲೇ ಬಂತು. ಅತ್ತ ಚಂದಗಡದ ಶಾಸಕರು ಹೆದ್ದಾರಿ ನಮ್ಮಲ್ಲಿ ಬರಲಿ ಎಂದು ಕರೆದಿದ್ದರು. 230 ಸ್ಥಾನ ಇರುವ ಸರ್ಕಾರ ಇಲ್ಲಿ ಬಗ್ಗಿದ್ದು ಸದನದ ಮಾತಿಗಲ್ಲ, ಗುಂಟೆ ಲೆಕ್ಕದ ರೈತನಿಗೆ.

ಹಣದ ವಚನಗಳ ಗತಿ ಬೇರೆ. 2025ರ ಮಾರ್ಚ್ 10ರ ಬಜೆಟ್ಟಿನಲ್ಲಿ ಲಾಡ್ಕಿ ಬಹೀಣ್ ಯೋಜನೆಗೆ 36,000 ಕೋಟಿ ತೆಗೆದಿಟ್ಟರು. ಹಿಂದಿನ ವರ್ಷಕ್ಕೆ ಘೋಷಿಸಿದ್ದು 46,000 ಕೋಟಿ. 2,100ರ ಪ್ರಸ್ತಾಪ ಬರಲಿಲ್ಲ. ಆಮೇಲೆ ಸುಮಾರು 26 ಲಕ್ಷ ಹೆಸರುಗಳು ಅನರ್ಹರ ಪಟ್ಟಿಗೆ ಸೇರಿದವು, ಇಕೆವೈಸಿ ಕಡ್ಡಾಯವಾಯಿತು. ಗಂಡಸರು ಹೆಂಗಸರ ಹೆಸರಿನ ಹಣ ತೆಗೆದುಕೊಂಡಿದ್ದರು ಎಂಬುದು ನಿಜ, ಅದನ್ನು ತಡೆಯಲೇಬೇಕು. ಆದರೆ ಆ ಪರಿಶೀಲನೆ ಮತದಾನಕ್ಕೆ ಮೊದಲು ಯಾಕೆ ಆಗಲಿಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದು. ಸಾಲ ಮನ್ನಾ ಆಗುವುದೆಂದು ಕಾದು ಕುಳಿತ ರೈತರಿಗೆ ಆಗ ಹಣಕಾಸು ಸಚಿವರಾಗಿದ್ದ ಅಜಿತ್ ಪವಾರ್ ಮಾರ್ಚ್ ಕೊನೆಯಲ್ಲಿ, 31ರೊಳಗೆ ಬೆಳೆಸಾಲ ಕಟ್ಟಿಬಿಡಿ ಎಂದರು. ಅಕ್ಟೋಬರ್‌ನಲ್ಲಿ ಬಚ್ಚು ಕಡು ಅವರ ನೇತೃತ್ವದಲ್ಲಿ ರೈತರು ನಾಗಪುರದ ಹೆದ್ದಾರಿಗಳನ್ನು ಕಟ್ಟಿಹಾಕಿದ ಮೇಲೆ, 2026ರ ಜೂನ್ 30ರೊಳಗೆ ತೀರ್ಮಾನ ಎಂಬ ಮಾತು ಬಂತು. ಕೊಲ್ಹಾಪುರದಲ್ಲಿ ಕೊಟ್ಟ ವಚನಕ್ಕೆ ನಾಗಪುರದಲ್ಲಿ ರಸ್ತೆ ತಡೆದು ತಾರೀಖು ಪಡೆಯಬೇಕಾಯಿತು.

ಇಷ್ಟಾದರೂ ನನ್ನ ಮಟ್ಟಿಗೆ ಹೆದ್ದಾರಿಗಿಂತ, 2,100ಕ್ಕಿಂತ ದೊಡ್ಡ ಸಂಗತಿ ಊರಿನ ಚುನಾವಣೆಯದು. ಕೊಲ್ಹಾಪುರ ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದದ್ದು 2020ರ ನವೆಂಬರ್‌ನಲ್ಲಿ. ಮತ್ತೆ ಮತದಾನ ನಡೆದದ್ದು 2026ರ ಜನವರಿ 15ರಂದು. ಇಚಲಕರಂಜಿಯನ್ನು 2022ರಲ್ಲಿ ನಗರ ಪರಿಷತ್ತಿನಿಂದ ಮಹಾನಗರ ಪಾಲಿಕೆಯಾಗಿ ಮೇಲಕ್ಕೇರಿಸಿದರು. ಏರಿಸಿದ ದಿನದಿಂದ ಅದಕ್ಕೆ ಆಡಳಿತಾಧಿಕಾರಿಯೇ ಇದ್ದರು, ಮೊದಲ ಚುನಾವಣೆ ಅದೇ ಜನವರಿ 15ಕ್ಕೆ. ನಗರ ಪರಿಷತ್ತಿಗೆ 2016ರಲ್ಲಿ ಮತ ಹಾಕಿದ ಗಡಹಿಂಗ್ಲಜದವರು ಅದಕ್ಕಾಗಿ ಮತ್ತೆ ಮತಗಟ್ಟೆ ಕಂಡದ್ದು 2025ರ ಡಿಸೆಂಬರ್‌ನಲ್ಲಿ. ಈ ವಿಳಂಬದ ಹೊಣೆ ಒಬ್ಬರದ್ದೇ ಅಲ್ಲ. ಹಿಂದುಳಿದ ವರ್ಗಗಳ ಮೀಸಲಾತಿಯನ್ನು 2021ರಲ್ಲಿ ಸುಪ್ರೀಂ ಕೋರ್ಟ್ ತಡೆದಿತ್ತು, ಆಗ ಇದ್ದದ್ದು ಉದ್ಧವ್ ಠಾಕ್ರೆ ಸರ್ಕಾರ. ವಾರ್ಡುಗಳ ಸಂಖ್ಯೆ, ಗಡಿಗಳ ಮೇಲೆ ಒಂದು ಸರ್ಕಾರ ಮಾಡಿದ್ದನ್ನು ಇನ್ನೊಂದು ಸರ್ಕಾರ ಅಳಿಸಿತು, ತಕರಾರು ಕೋರ್ಟಿನಲ್ಲಿ ಕೂತಿತು. ಕೊನೆಗೆ 2025ರ ಮೇ 6ರಂದು ಸುಪ್ರೀಂ ಕೋರ್ಟೇ ಗಡುವು ಹಾಕಬೇಕಾಯಿತು, ಆ ಗಡುವೂ 2026ರ ಜನವರಿ 31ರವರೆಗೆ ಹಿಗ್ಗಿತು.

ಇದನ್ನು ಓದುತ್ತ ಕನ್ನಡಿಗರು ಮಹಾರಾಷ್ಟ್ರದ ಕಡೆ ಬೆರಳು ತೋರುವ ಹಾಗಿಲ್ಲ. ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. 2023ರಲ್ಲಿ 135 ಸ್ಥಾನ ಗೆದ್ದ ಕಾಂಗ್ರೆಸ್ ಇಲ್ಲಿದೆ, ಅದಕ್ಕೂ ಮೊದಲು ಬಿಜೆಪಿ ಇತ್ತು, 2025 ಮುಗಿದರೂ ಆ ಚುನಾವಣೆಗಳು ನಡೆಯಲಿಲ್ಲ. ಬಹುಮತ ಹೆಚ್ಚಿದಷ್ಟೂ ಕೆಳಗಿನ ಚುನಾವಣೆಯ ತುರ್ತು ಕಡಿಮೆಯಾಗುತ್ತದೆ, ಪಕ್ಷ ಯಾವುದೇ ಇರಲಿ. ಚುನಾಯಿತ ಸದಸ್ಯ ಇಲ್ಲದ ಊರಿನಲ್ಲಿ ಗಟಾರ ಕಟ್ಟಿಕೊಂಡರೆ ಹೇಳುವುದು ಯಾರಿಗೆ? ಆಡಳಿತಾಧಿಕಾರಿ ಒಳ್ಳೆಯವರೇ ಇರಬಹುದು. ಆದರೆ ಅವರ ಮನೆ ಆ ಓಣಿಯಲ್ಲಿಲ್ಲ, ಬೆಳಿಗ್ಗೆ ಹಾಲು ತರಲು ಹೋದಾಗ ಅವರು ಎದುರಾಗುವುದಿಲ್ಲ. ಶಾಸಕನೊಬ್ಬನ ಶಿಫಾರಸಿನ ಮೇಲೆ ಕಾಮಗಾರಿ ಮಂಜೂರಾಗುವ ಪದ್ಧತಿ ಈ ಐದು ವರ್ಷಗಳಲ್ಲಿ ಬೇರುಬಿಟ್ಟಿತು. ಇದರ ಲಾಭ ಯಾರಿಗೆಂದು ಬೇರೆ ಹೇಳಬೇಕಿಲ್ಲ.

ಚುನಾವಣೆ ನಡೆದಾಗಲೂ ಮತ ಹಾಕುವ ಬಗೆ ಬದಲಾಗಿತ್ತು. ಕೊಲ್ಹಾಪುರದಲ್ಲಿ 2015ರಲ್ಲಿ 81 ವಾರ್ಡುಗಳಿದ್ದವು, ವಾರ್ಡಿಗೆ ಒಬ್ಬ ಸದಸ್ಯ. ಈ ಸಲ ಅದೇ 81 ಸದಸ್ಯರಿಗೆ 20 ದೊಡ್ಡ ವಾರ್ಡುಗಳು. ಇಚಲಕರಂಜಿಯಲ್ಲಿ 65 ಸದಸ್ಯರಿಗೆ 16. ಬಹುತೇಕ ಎಲ್ಲ ವಾರ್ಡಿಗೂ ನಾಲ್ವರು ಸದಸ್ಯರು. ಮತಗಟ್ಟೆಗೆ ಹೋದವರು ಅ, ಬ, ಕ, ಡ ಎಂಬ ನಾಲ್ಕು ಸ್ಥಾನಗಳಿಗೆ ಬೇರೆ ಬೇರೆ ಬಣ್ಣದ ಮತಪತ್ರ ನೋಡಿ ನಾಲ್ಕು ಸಲ ಗುಂಡಿ ಒತ್ತಬೇಕು. ಬೇಡದಿದ್ದರೆ ನೋಟಾ ಆದರೂ ಒತ್ತಬೇಕು, ನಾಲ್ಕೂ ಆಗದೆ ಮತ ಪೂರ್ತಿಯಾಗುವುದಿಲ್ಲ. ವಯಸ್ಸಾದವರು ಯಂತ್ರದ ಮುಂದೆ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ ಎಂಬುದು ಸಣ್ಣ ತೊಂದರೆ. ದೊಡ್ಡ ತೊಂದರೆ ಏನೆಂದರೆ ಓಣಿಯಲ್ಲಿ ಓಡಾಡಿ ಹೆಸರು ಮಾಡಿದ ಒಬ್ಬಂಟಿ ಪಕ್ಷೇತರನಿಗೆ ಹತ್ತಿಪ್ಪತ್ತು ಸಾವಿರ ಮತದಾರರ ವಾರ್ಡು ನಿಲುಕುವುದಿಲ್ಲ. ನಾಲ್ವರ ಪ್ಯಾನೆಲ್ ಕಟ್ಟುವ ಪಕ್ಷಕ್ಕೆ, ಹಣ ಇದ್ದವನಿಗೆ ಅದು ಅನುಕೂಲ. ಗಡಹಿಂಗ್ಲಜದಂಥ ಊರಿನ ನಗರಾಧ್ಯಕ್ಷರನ್ನು ಆರಿಸುವ ನಿಯಮವೂ ಹೀಗೇ ಅತ್ತಿಂದಿತ್ತ ಓಡಾಡಿದೆ. 2016ರಲ್ಲಿ ಫಡಣವೀಸ್ ಸರ್ಕಾರ ಜನರಿಂದ ನೇರ ಆಯ್ಕೆ ತಂದಿತು. 2020ರಲ್ಲಿ ಠಾಕ್ರೆ ಸರ್ಕಾರ ತೆಗೆದುಹಾಕಿತು. 2022ರಲ್ಲಿ ಶಿಂದೆ ಸರ್ಕಾರ ಮತ್ತೆ ತಂದಿತು. 2016ರ ಆ ನೇರ ಆಯ್ಕೆಯಲ್ಲಿ ಗಡಹಿಂಗ್ಲಜ ದೊಡ್ಡ ಪಕ್ಷಗಳನ್ನು ಬಿಟ್ಟು ಜನತಾದಳದ ಸ್ವಾತಿ ಕೋರಿ ಅವರನ್ನು ಆರಿಸಿತ್ತು. ನಿಯಮ ಮೇಲಿನವರ ಅನುಕೂಲಕ್ಕೆ ಬಂದರೂ ಅದನ್ನು ಬಳಸುವ ಜಾಣತನ ಊರಿಗೆ ಇದೆ ಎಂಬುದಕ್ಕೆ ಇದು ಸಾಕ್ಷಿ.

ಪೂರ್ಣ ಅಧಿಕಾರಕ್ಕೆ ಇನ್ನೊಂದು ಎಳೆತ ಇದೆ. ಸೋತವರನ್ನೂ ಅದು ತನ್ನ ಕಡೆ ಎಳೆಯುತ್ತದೆ. ಮುಶ್ರೀಫರ ವಿರುದ್ಧ 2024ರಲ್ಲಿ ಶರದ್ ಪವಾರ್ ಬಣದಿಂದ ನಿಂತು ಕಡುವೈರದ ಪ್ರಚಾರ ನಡೆಸಿದ ಸಮರ್ಜಿತ್‌ಸಿಂಹ ಘಾಟಗೆ, ಒಂದೇ ವರ್ಷಕ್ಕೆ ಕಾಗಲ್ ನಗರ ಪರಿಷತ್ತಿನ ಚುನಾವಣೆಯಲ್ಲಿ ಅದೇ ಮುಶ್ರೀಫರ ಕೈ ಹಿಡಿದರು. ಘಾಟಗೆಯವರಿಗಾಗಿ ಮನೆ ಮನೆಗೆ ತಿರುಗಿ, ಅಣ್ಣತಮ್ಮಂದಿರ ಜತೆ ಮಾತು ಬಿಟ್ಟ ಕಾರ್ಯಕರ್ತರ ಪಾಡು ಏನಾಗಿರಬೇಕು! ಆ ಕ್ಷೇತ್ರದಲ್ಲಿ ಸಚಿವರ ವಿರುದ್ಧ ದೂರು ಇರುವ ಮನುಷ್ಯ ಈಗ ಯಾರ ಕಟ್ಟೆ ಹತ್ತಬೇಕು ಎಂಬುದೇ ನನ್ನ ಚಿಂತೆ.

ಜುಲೈ 2025ರಲ್ಲಿ ಸದನ ಒಪ್ಪಿದ ಒಂದು ಕಾನೂನನ್ನೂ ಇಲ್ಲಿ ನೆನೆಯಬೇಕು, ಅದರ ಹೆಸರು ಮಹಾರಾಷ್ಟ್ರ ವಿಶೇಷ ಸಾರ್ವಜನಿಕ ಭದ್ರತಾ ಮಸೂದೆ. ಕಡು ಎಡಪಂಥೀಯ ಮತ್ತು ಅಂಥ ಸಂಘಟನೆಗಳನ್ನು ಕಾನೂನುಬಾಹಿರ ಎಂದು ಸಾರುವ ಅಧಿಕಾರ ಅದು ಸರ್ಕಾರಕ್ಕೆ ಕೊಡುತ್ತದೆ. ಜನರಿಂದ 12,000ಕ್ಕೂ ಹೆಚ್ಚು ಸಲಹೆ, ಆಕ್ಷೇಪ ಬಂದಿದ್ದವು, ಜಂಟಿ ಸಮಿತಿ ಮಸೂದೆಯ ಕೆಲವು ಅಂಶಗಳನ್ನು ತಿದ್ದಿತು. ಜುಲೈ 10ರಂದು ವಿಧಾನಸಭೆಯಲ್ಲಿ ಮಸೂದೆ ಪಾಸಾದಾಗ ಎದ್ದು ವಿರೋಧಿಸಿದವರು ಸಿಪಿಎಂನ ವಿನೋದ್ ನಿಕೋಲೆ ಒಬ್ಬರೇ. ಕೊಲ್ಹಾಪುರದಲ್ಲಿ ಎಡಪಂಥ ಎಂದರೆ ಕಾಡಿನ ಮಾತಲ್ಲ, ಗೋವಿಂದ ಪಾನಸರೆಯವರ ಮಾತು. ನಗರದ ರಸ್ತೆ ಟೋಲ್ ವಿರುದ್ಧ ಎನ್.ಡಿ. ಪಾಟೀಲರ ಜತೆ ಬೀದಿಗಿಳಿದ ಪಾನಸರೆಯವರನ್ನು 2015ರ ಫೆಬ್ರುವರಿ 16ರ ಬೆಳಿಗ್ಗೆ ಮನೆಯ ಬಳಿ ಗುಂಡಿಟ್ಟರು. ಅದೇ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಕೊಂದರು. ಆ ವರ್ಷದ ಕೊನೆಗೆ ಟೋಲ್ ರದ್ದಾಯಿತು, ನೋಡಲು ಪಾನಸರೆ ಇರಲಿಲ್ಲ. ಬೀದಿಯೇ ಕೊನೆಯ ವಿರೋಧ ಪಕ್ಷವಾಗಿ ಉಳಿದಿರುವ ಊರಿನಲ್ಲಿ ಬೀದಿಗಿಳಿಯುವ ಸಂಘಟನೆಯನ್ನು ನಿಷೇಧಿಸಬಲ್ಲ ಕಾನೂನು ಬಂದರೆ ಜನ ಹೆದರುವುದು ಸಹಜ. ಆ ಕಾನೂನನ್ನು ರೈತರ ಮೇಲೆ, ಕಾರ್ಮಿಕರ ಮೇಲೆ ಬಳಸುವುದಿಲ್ಲ ಎಂದು ಸರ್ಕಾರ ಹೇಳಿದೆ. ಹೇಳಿದ್ದನ್ನು ಬರೆದುಕೊಂಡು ಇಡಬೇಕು.

ಎಲ್ಲವೂ ಕೆಟ್ಟದ್ದೇ ನಡೆಯಿತು ಎಂದರೆ ಅನ್ಯಾಯವಾದೀತು. ಬಾಂಬೆ ಹೈಕೋರ್ಟಿನ ಸಂಚಾರಿ ಪೀಠ ಕೊಲ್ಹಾಪುರಕ್ಕೆ ಬೇಕೆಂದು ವಕೀಲರು ನಾಲ್ಕು ದಶಕ ಕೇಳಿದ್ದರು, 2025ರ ಆಗಸ್ಟ್ 18ರಂದು ಅದು ಕೆಲಸ ಶುರುಮಾಡಿತು. ಧಾರವಾಡ, ಕಲಬುರ್ಗಿಗಳಿಗೆ 2008ರಲ್ಲಿ ಪೀಠ ಬಂದಾಗ ಉತ್ತರ ಕರ್ನಾಟಕದ ಕಕ್ಷಿದಾರರಿಗೆ ಏನು ಸಿಕ್ಕಿತೋ ಅದು ಈಗ ಗಡಹಿಂಗ್ಲಜದವರಿಗೂ ಸಿಕ್ಕಿತು. ಬಲವಾದ ಸರ್ಕಾರ ಮನಸ್ಸು ಮಾಡಿ ಜಾಗ, ಹಣ ಒದಗಿಸಿದರೆ ಹಳೆಯ ಕಡತಗಳೂ ಸರಿಯುತ್ತವೆ.

ಈ ನೆಲಕ್ಕೆ ಪೂರ್ಣ ಅಧಿಕಾರದ ಇನ್ನೊಂದು ನೆನಪಿದೆ. 1894ರ ಏಪ್ರಿಲ್ 2ರಂದು ಶಾಹು ಮಹಾರಾಜರ ಕೈಗೆ ಕೊಲ್ಹಾಪುರ ಸಂಸ್ಥಾನದ ಆಡಳಿತ ಬಂತು. ಅವರನ್ನು ತಡೆಯುವ ಸದನ ಇರಲಿಲ್ಲ. 1902ರ ಜುಲೈ 26ರಂದು ಅವರು ಸಂಸ್ಥಾನದ ಖಾಲಿ ಹುದ್ದೆಗಳಲ್ಲಿ ಶೇ 50ನ್ನು ಹಿಂದುಳಿದವರಿಗೆ ಮೀಸಲಿಟ್ಟರು, 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದರು, ರಾಧಾನಗರಿಯಲ್ಲಿ ಅಣೆಕಟ್ಟಿಗೆ ಕೈ ಹಾಕಿದರು. ಆ ಕಾಲದಲ್ಲೇ, 1904ರಲ್ಲಿ, ಜಹಗೀರಿನ ಊರಾದ ಇಚಲಕರಂಜಿಗೆ ವಿಠ್ಠಲರಾವ್ ದಾತಾರ್ ಮೊದಲ ವಿದ್ಯುತ್ ಮಗ್ಗ ತಂದರು. ಇವತ್ತಿಗೂ ಕೊಲ್ಹಾಪುರದಲ್ಲಿ ಯಾವ ಪಕ್ಷದವರು ಭಾಷಣ ಶುರುಮಾಡಿದರೂ ಶಾಹು ಹೆಸರು ಬರುತ್ತದೆ. ಶಾಹು ತಮ್ಮ ಅಧಿಕಾರವನ್ನು ಬಳಸಿದ್ದು ಆಗ ಬಲಾಢ್ಯರಾಗಿದ್ದವರ ವಿರುದ್ಧ, ಪಾಲು ಇಲ್ಲದವರ ಪರವಾಗಿ. ಆ ಹೆಸರು ಎತ್ತುವವರನ್ನು ಅಳೆಯಲು ನನಗೆ ಇದಕ್ಕಿಂತ ಬೇರೆ ಕೋಲು ಬೇಕಿಲ್ಲ.

ಜನ ಒಂದಾದರೆ 230 ಸ್ಥಾನಗಳ ಸರ್ಕಾರ ಎಷ್ಟು ಬೇಗ ದಿಕ್ಕು ಬದಲಿಸುತ್ತದೆ ಎಂಬುದನ್ನು ಒಂದು ಆನೆ ತೋರಿಸಿತು. ಶಿರೋಳ ತಾಲ್ಲೂಕಿನ ನಾಂದಣಿ ಜೈನ ಮಠದಲ್ಲಿ ಮೂರು ದಶಕ ಇದ್ದ ಮಹಾದೇವಿ, ಅಂದರೆ ಮಾಧುರಿಯನ್ನು ಕೋರ್ಟ್ ಆದೇಶದಂತೆ 2025ರ ಜುಲೈ ಕೊನೆಯಲ್ಲಿ ಜಾಮನಗರದ ವನತಾರಾ ಪ್ರಾಣಿ ಕೇಂದ್ರಕ್ಕೆ ಸಾಗಿಸಿದರು. ಕರ್ನಾಟಕದಿಂದ ತಂದ ಆನೆ ಅದು, ಆ ಮಠಕ್ಕೆ ಬೆಳಗಾವಿ ಸೀಮೆಯಲ್ಲೂ ಭಕ್ತರಿದ್ದಾರೆ. ಆಗಸ್ಟ್ 3ರಂದು ನಾಂದಣಿಯಿಂದ ಕೊಲ್ಹಾಪುರಕ್ಕೆ ಸುಮಾರು 45 ಕಿಲೋಮೀಟರ್ ಜನ ನಡೆದು ಬಂದರು, ಸಾವಿರಾರು ಜನ ವನತಾರಾ ನಡೆಸುವವರದ್ದೇ ಆದ ಮೊಬೈಲ್ ಕಂಪನಿಯನ್ನು ಬಿಟ್ಟು ಬೇರೆಯದಕ್ಕೆ ಬದಲಿಸಿಕೊಂಡರು. ಎರಡೇ ದಿನಕ್ಕೆ ಮುಖ್ಯಮಂತ್ರಿ ಸಭೆ ಕರೆದು, ಮಠದ ಜತೆ ಸರ್ಕಾರವೂ ಕೋರ್ಟಿಗೆ ಹೋಗುತ್ತದೆ ಎಂದರು. ಆನೆಯ ಆರೋಗ್ಯದ ವಾದಕ್ಕೆ ತನ್ನದೇ ಬಲ ಇದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಇಲ್ಲಿ ಗಮನಿಸಬೇಕಾದದ್ದು ಆ ಎರಡು ದಿನಗಳ ವೇಗ.

ಆ ವೇಗ ಇಚಲಕರಂಜಿಯ ನೀರಿಗೆ ಸಿಗಲಿಲ್ಲ. ಮಗ್ಗಗಳ ಈ ಊರಿಗೆ ಮೂರ್ನಾಲ್ಕು ದಿನಕ್ಕೊಮ್ಮೆ ಕುಡಿಯುವ ನೀರು. ಪಕ್ಕದಲ್ಲೇ ಹರಿಯುವ ಪಂಚಗಂಗೆ ಕೊಳಕಾಗಿದೆ. ಹಾಗಾಗಿ ಕಾಗಲ್ ತಾಲ್ಲೂಕಿನ ಸುಳಕೂಡದಲ್ಲಿ ದೂಧಗಂಗೆಯಿಂದ ನೀರೆತ್ತುವ ಯೋಜನೆ ಕೇಂದ್ರದ ಅಮೃತ್-2ರಡಿ ಮಂಜೂರಾಯಿತು. ದೂಧಗಂಗೆಯ ದಂಡೆಯ ರೈತರು ನಮ್ಮ ಕಬ್ಬು ಒಣಗುತ್ತದೆ ಎಂದು ಅಡ್ಡ ನಿಂತರು, ಕೆಲಸ ನಿಂತಿತು. ಅದೇ ನದಿ ಕೆಳಗೆ ಹರಿದು ನಮ್ಮ ಸದಲಗಾ ಕಡೆ ಬರುತ್ತದೆ, ಅಲ್ಲಿನವರಿಗೂ ಈ ಲೆಕ್ಕದಲ್ಲಿ ಪಾಲಿದೆ. ನೀರು ಕೇಳುವ ಊರಿನ ಶಾಸಕರು ಬಿಜೆಪಿ, ನೀರು ಬಿಡದ ತಾಲ್ಲೂಕಿನ ಸಚಿವರು ಎನ್‌ಸಿಪಿ, ಇಬ್ಬರೂ ಮಹಾಯುತಿ. 2026ರ ಜನವರಿಯಲ್ಲಿ ಕೊಲ್ಹಾಪುರ ಪಾಲಿಕೆಯಲ್ಲಿ ಕಾಂಗ್ರೆಸ್ ಏಕೈಕ ದೊಡ್ಡ ಪಕ್ಷವಾಗಿ ಬಂದರೂ ಬಹುಮತ ಮಹಾಯುತಿಗೆ ಸಿಕ್ಕಿತು, ಇಚಲಕರಂಜಿಯ ಮೊದಲ ಪಾಲಿಕೆ ಬಿಜೆಪಿಯ ಕೈಗೆ ಬಂತು. ಈಗ ದೆಹಲಿ, ಮುಂಬೈ, ಜಿಲ್ಲೆಯ ಉಸ್ತುವಾರಿ, ಪಾಲಿಕೆ ಎಲ್ಲ ಹಂತದಲ್ಲೂ ಒಂದೇ ಮೈತ್ರಿಕೂಟ ಇದೆ. ಕೇಂದ್ರ ಕೊಡಲಿಲ್ಲ, ರಾಜ್ಯ ಕೊಡಲಿಲ್ಲ, ವಿರೋಧ ಪಕ್ಷ ಬಿಡಲಿಲ್ಲ ಎನ್ನುವ ಮಾತಿಗೆ ಜಾಗ ಉಳಿದಿಲ್ಲ. ಇಚಲಕರಂಜಿಯ 65 ಸದಸ್ಯರು ಮೊದಲು ಎತ್ತಬೇಕಾದದ್ದು ಸುಳಕೂಡದ ಕಡತ. ಕಾಗಲ್ ರೈತನ ಪಾಳಿ ತಪ್ಪದ ಹಾಗೆ ಎಷ್ಟು ನೀರು, ಯಾವ ತಿಂಗಳಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ ಎತ್ತುತ್ತೇವೆ ಎಂದು ಎರಡೂ ಕಡೆಯವರನ್ನು ಕೂರಿಸಿ ಕಾಗದದ ಮೇಲೆ ಬರೆಯುವುದು ಅವರ ಕೆಲಸ. ಅದಕ್ಕೆ ಯಾವ ಸಂವಿಧಾನ ತಿದ್ದುಪಡಿಯೂ ಬೇಕಿಲ್ಲ.